ತುಂಬಿದ ಕೆರೆ, ಮುಚ್ಚಿದ ಕೆರೆ



ಇಂದು ಅಕ್ಟೋಬರ್ 4, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಹಕ್ಕಿಗಳನ್ನು ಸಹೋದರಿಯರೆಂದು ಕರೆದ ಈ ಸಂತರನ್ನು ಜಗದ್ಗುರು ಎರಡನೇ ಜಾನ್ ಪೌಲರು 1979ರಲ್ಲಿ ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಅವರನ್ನು ನೆನೆದಾಗಲೆಲ್ಲ ನಮಗೆ ನಮ್ಮ ಮನೆಯ ಕೆರೆ ನೆನಪಾಗುತ್ತದೆ.

ಕರಾವಳಿಯ ನಮ್ಮ ಅಡಿಕೆ ತೋಟದ ತಗ್ಗಿನಲ್ಲಿ ಅಜ್ಜ ಮುರಕಲ್ಲು ಕಡಿಸಿ ತೋಡಿಸಿದ ಕೆರೆಯದು. ಮೊದಲ ಮಳೆಗೆ ಹಳದಿ ಬಣ್ಣ ತಳೆದ ದೊಡ್ಡ ಗಂಡುಕಪ್ಪೆಗಳು ರಾತ್ರಿಯಿಡೀ ಕೂಗುತ್ತಿದ್ದವು. ದಂಡೆಯ ಮಣ್ಣು ಕೊರೆದು ಮಿಂಚುಳ್ಳಿ ಗೂಡು ಮಾಡುತ್ತಿತ್ತು. ಕೇದಗೆಯ ಪೊದೆಯಿಂದ ಹುಂಡುಕೋಳಿ ತನ್ನ ಕರಿಮರಿಗಳನ್ನು ನಡೆಸಿಕೊಂಡು ಬರುತ್ತಿತ್ತು. ಒಮ್ಮೆ ನಾವು ಮಕ್ಕಳು ಅದರ ಮೊಟ್ಟೆಗಳನ್ನು ಹೊತ್ತು ತಂದೆವು. ಅಜ್ಜಿ ಬಯ್ಯಲಿಲ್ಲ. "ತಾಯಿ ಹುಡುಕುತ್ತಿರಬಹುದು ಮಕ್ಕಳೇ" ಎಂದರು, ಅಷ್ಟೇ. ಓಡಿಹೋಗಿ ಗೂಡಿನಲ್ಲಿಟ್ಟು ಬಂದೆವು.

ಮೊಟ್ಟೆ ಹಿಂತಿರುಗಿಸಿದ ಅದೇ ಕೈಗಳಿಂದ, ಆಸ್ತಿ ಪಾಲಾದಾಗ, ಕೆರೆ ಮುಚ್ಚಲು ಒಪ್ಪಿ ಸಹಿ ಹಾಕಿದೆವು. ಧರ್ಮಗುರುವಾದ ನಾವೂ ಬೇಡವೆನ್ನಲಿಲ್ಲ. ಕೊಳವೆಬಾವಿ ಇದೆಯಲ್ಲ ಎಂದುಕೊಂಡೆವು. ಇಂದು ಅಲ್ಲಿ ಕಪ್ಪೆಯ ಕೂಗಿಲ್ಲ. ಕೆರೆಯ ಒರತೆಯಿಂದ ತುಂಬುತ್ತಿದ್ದ ಕೆಳಗಿನ ಮನೆಯವರ ಬಾವಿ ಏಪ್ರಿಲ್‌ಗೇ ಬತ್ತುತ್ತದೆ. ಹಕ್ಕಿಯ ಮನೆ ಕೆಡವಿದ ನಾವು ನೆರೆಯವರ ನೀರನ್ನೂ ಕಸಿದೆವು.

ಪ್ರಿಯರೇ, ಪಶ್ಚಾತ್ತಾಪವೆಂದರೆ ಬರಿಯ ಕಣ್ಣೀರಲ್ಲ, ತೆಗೆದುಕೊಂಡದ್ದನ್ನು ಹಿಂತಿರುಗಿಸುವುದು. ಬರುವ ಬೇಸಗೆಯಲ್ಲಿ ಕೆರೆಯ ಒಂದು ಮೂಲೆಯನ್ನಾದರೂ ಮತ್ತೆ ತೋಡಲು ನಾವು ಒಡಹುಟ್ಟಿದವರು ಒಪ್ಪಿದ್ದೇವೆ. ನಿಮ್ಮ ಜಮೀನಿನಲ್ಲಿ ಕೆರೆ ಇನ್ನೂ ಉಳಿದಿದ್ದರೆ ದಯವಿಟ್ಟು ಮುಚ್ಚಬೇಡಿ. ಹುಂಡುಕೋಳಿ ಮರಳಿ ಬರುವುದು ದೇವರ ಚಿತ್ತ. ಅದಕ್ಕೆ ಜಾಗ ಬಿಟ್ಟುಕೊಡುವುದು ನಮ್ಮ ಕೆಲಸ. ಆಮೆನ್.