ಸರಕಾರದ ಬಳಿ ಉಳಿದಿರುವ ನಿಮ್ಮ ಹಣ

(ಜಮಾಅತ್ ಸಭಾಂಗಣವೊಂದರಲ್ಲಿ ಕುಟುಂಬಗಳಿಗಾಗಿ ಏರ್ಪಡಿಸಿದ್ದ ಮಾಹಿತಿ ಸಭೆಯಲ್ಲಿ ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಒಳಗೆ ಬರುವಾಗ ಬಾಗಿಲ ಬಳಿ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. “ಸರ್, ಸರಕಾರ ಎಲ್ಲರಿಗೂ ಅರುವತ್ತು ಸಾವಿರ ರೂಪಾಯಿ ರಿಬೇಟ್ ಕೊಡುತ್ತದಂತೆ. ಮಗನ ಮೊಬೈಲಿಗೆ ಬಂದಿದೆ. ಅರ್ಜಿ ಎಲ್ಲಿ ಹಾಕುವುದು?” ಎಂದು ಕೇಳಿದರು. ಆ ಸಂದೇಶವನ್ನು ಓದಿ ನೋಡಿದೆ. ಅರುವತ್ತು ಸಾವಿರ ಎಂಬ ಸಂಖ್ಯೆ ಸುಳ್ಳಲ್ಲ. ಆದರೆ ಅದರ ಕೆಳಗೆ ಬ್ಯಾಂಕ್ ಖಾತೆಯ ವಿವರ ತುಂಬಿಸಲು ಕೊಟ್ಟಿದ್ದ ಲಿಂಕ್ ಸರಕಾರದ್ದಲ್ಲ, ವಂಚಕರದ್ದು. ಅದನ್ನು ಅಳಿಸಿಬಿಡಿ ಎಂದೆ. ಅವರ ಮುಖ ಸಪ್ಪಗಾಯಿತು. ಇಂದಿನ ಮಾತನ್ನು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದೆಂದು ತೋರುತ್ತದೆ.

ತೆರಿಗೆ ರಿಯಾಯಿತಿ ಎಂದರೆ ಸರಕಾರ ಮನೆಗೆ ಕಳುಹಿಸುವ ಹಣವೆಂಬ ಭಾವನೆ ಹೇಗೆ ಹುಟ್ಟಿತು? ಕೆಲವು ದೇಶಗಳಲ್ಲಿ ಹಾಗೆ ಆದದ್ದುಂಟು. 2008ರಲ್ಲಿ ಅಮೆರಿಕದ ಸರಕಾರ ಆರ್ಥಿಕ ಹಿನ್ನಡೆಯನ್ನು ತಡೆಯಲು ಒಬ್ಬ ವ್ಯಕ್ತಿಗೆ 600 ಡಾಲರ್, ದಂಪತಿಗೆ 1,200 ಡಾಲರ್‌ವರೆಗೆ ತೆರಿಗೆ ರಿಯಾಯಿತಿಯ ಹೆಸರಿನಲ್ಲಿ ಹಣವನ್ನೇ ಕಳುಹಿಸಿತು. ತೆರಿಗೆಯೇ ಬೀಳದಷ್ಟು ಕಡಿಮೆ ಗಳಿಕೆಯವರಿಗೂ, ವರ್ಷಕ್ಕೆ 3,000 ಡಾಲರ್ ಆದಾಯ ತೋರಿಸಿದ್ದರೆ, ಕನಿಷ್ಠ 300 ಡಾಲರ್ ಸಿಕ್ಕಿತು. ನಮ್ಮ ದೇಶದ ರಿಬೇಟ್ ಆ ಜಾತಿಯದ್ದಲ್ಲ. ಇಲ್ಲಿ ಅದು ಲೆಕ್ಕದ ಹಾಳೆಯ ಮೇಲೆ ತೆರಿಗೆಯನ್ನು ಸೊನ್ನೆಗೆ ಇಳಿಸಬಲ್ಲುದು; ಸೊನ್ನೆಯಿಂದ ಕೆಳಗಿಳಿದು ನಿಮ್ಮ ಕೈಗೆ ಹಣ ಕೊಡಲಾರದು.

2013ರ ಬಜೆಟ್‌ನಲ್ಲಿ 87ಎ ಎಂಬ ಸೆಕ್ಷನ್ ಮೂಲಕ ಇದು ಬಂದಾಗ ಗರಿಷ್ಠ ಮೊತ್ತ 2,000 ರೂಪಾಯಿ ಮಾತ್ರ ಇತ್ತು. 2019ರಲ್ಲಿ 12,500 ಆಯಿತು. 2025ರ ಬಜೆಟ್‌ನಲ್ಲಿ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡು ವರ್ಷಕ್ಕೆ 12 ಲಕ್ಷದವರೆಗೆ ಆದಾಯವಿರುವವರಿಗೆ 60,000ಕ್ಕೆ ಏರಿತು. 2025-26ನೆಯ ಆರ್ಥಿಕ ವರ್ಷಕ್ಕೆ ಈ ಲೆಕ್ಕವನ್ನು ನೋಡಿ. ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆಯಿಲ್ಲ. ನಾಲ್ಕರಿಂದ ಎಂಟು ಲಕ್ಷದವರೆಗೆ ಶೇಕಡಾ 5. ಎಂಟರಿಂದ ಹನ್ನೆರಡರವರೆಗೆ ಶೇಕಡಾ 10. ಅಂಗಡಿಯಿಂದ ಏಳು ಲಕ್ಷ ಆದಾಯವಿರುವವನಿಗೆ ತೆರಿಗೆ 15,000 ಬೀಳುತ್ತದೆ, ರಿಬೇಟ್ ಕೂಡಾ 15,000, ಕಟ್ಟಬೇಕಾದದ್ದು ಸೊನ್ನೆ. ಉಳಿದ 45,000 ಎಲ್ಲಿ ಎಂದು ಕೇಳಬೇಡಿ, ಅಂಥದ್ದೊಂದು ಇಲ್ಲವೇ ಇಲ್ಲ. ಸಂಬಳದವರಿಗೆ ಇದಲ್ಲದೆ 75,000ದ ಕಡಿತವೂ ಇದೆ. ಷೇರು ಮಾರಿ ಬಂದ ಲಾಭದಂತಹ, ಪ್ರತ್ಯೇಕ ದರದಲ್ಲಿ ತೆರಿಗೆ ಬೀಳುವ ಆದಾಯಕ್ಕೆ ಈ ರಿಬೇಟ್ ಅನ್ವಯಿಸುವುದಿಲ್ಲ.

ಇಲ್ಲೊಂದು ತಪ್ಪು ನಮ್ಮ ವ್ಯಾಪಾರಿಗಳಲ್ಲಿ ವ್ಯಾಪಕವಾಗಿದೆ. ತೆರಿಗೆ ಸೊನ್ನೆಯಾದ ಮೇಲೆ ರಿಟರ್ನ್ ಯಾಕೆ ಎನ್ನುತ್ತಾರೆ. ರಿಬೇಟ್ ಕಳೆಯುವ ಮೊದಲಿನ ಆದಾಯ ನಾಲ್ಕು ಲಕ್ಷದ ಮಿತಿಯನ್ನು ದಾಟಿದ್ದರೆ ರಿಟರ್ನ್ ಸಲ್ಲಿಸಲೇಬೇಕು. ಸಲ್ಲಿಸದವನಿಗೆ ಆ ರಿಬೇಟನ್ನು ಲೆಕ್ಕ ಹಾಕಿಕೊಡುವವರು ಯಾರು?

ಇನ್ನು ಅನಿವಾಸಿಗಳು. ಕೊಲ್ಲಿಯಲ್ಲಿ ಯಾರೂ ಇಲ್ಲದ ಮನೆ ಈ ಸಭೆಯಲ್ಲಿ ಬಹಳ ಕಡಿಮೆ ಇರಬಹುದು. ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಊರಿನಲ್ಲಿದ್ದು ಅಲ್ಲಿ ದುಡಿಯುವವರು ಸಾಮಾನ್ಯವಾಗಿ ಅನಿವಾಸಿಗಳು. ಅವರು ಅಲ್ಲಿ ಗಳಿಸುವ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಗಂಡ ಕಳುಹಿಸುವ ಮನೆಖರ್ಚಿನ ಹಣ ಹೆಂಡತಿಯ ಆದಾಯವೂ ಅಲ್ಲ. ಆದರೆ ಊರಿನಲ್ಲಿರುವ ಕಟ್ಟಡದ ಬಾಡಿಗೆ ಇಲ್ಲಿಯ ಆದಾಯ. ಅದಕ್ಕೆ ತೆರಿಗೆಯಿದೆ, ಮತ್ತು ರಿಬೇಟ್ ನಿವಾಸಿಗಳಿಗೆ ಮಾತ್ರ.

ತಂದೆಯ ಕಟ್ಟಡವನ್ನು ಹಂಚಿಕೊಂಡ ಇಬ್ಬರು ಸಹೋದರರನ್ನು ಊಹಿಸಿ. ತಲಾ ಆರು ಲಕ್ಷ ಬಾಡಿಗೆ, ಬೇರೆ ಆದಾಯವಿಲ್ಲ. ಅಣ್ಣ ಊರಿನಲ್ಲಿ, ತಮ್ಮ ದಮ್ಮಾಮಿನಲ್ಲಿ. ಪುರಸಭೆಯ ತೆರಿಗೆಯನ್ನು ಬದಿಗಿಟ್ಟರೆ, ಬಾಡಿಗೆಯಲ್ಲಿ ಶೇಕಡಾ 30ನ್ನು ಕಾನೂನೇ ಕಳೆಯುವುದರಿಂದ ಇಬ್ಬರ ಆದಾಯವೂ 4,20,000. ನಾಲ್ಕು ಲಕ್ಷದ ಮೇಲಿನ ಇಪ್ಪತ್ತು ಸಾವಿರಕ್ಕೆ ತೆರಿಗೆ 1,000. ಅಣ್ಣನಿಗೆ ರಿಬೇಟ್ ಸಿಕ್ಕಿ ಸೊನ್ನೆ. ತಮ್ಮನಿಗೆ ಸೆಸ್ ಸೇರಿ 1,040 ರೂಪಾಯಿ. ವ್ಯತ್ಯಾಸ ಇಷ್ಟೇ ಆಗಿದ್ದರೆ ನಾನು ಇದನ್ನು ಹೇಳುತ್ತಲೇ ಇರಲಿಲ್ಲ. ಅನಿವಾಸಿಗೆ ಬಾಡಿಗೆ ಕೊಡುವವನು ಸೆಸ್ ಸೇರಿ ಶೇಕಡಾ 31.2ನ್ನು ಮೊದಲೇ ಕಡಿದು ಸರಕಾರಕ್ಕೆ ಕಟ್ಟಬೇಕು. ಅಂದರೆ ಆರು ಲಕ್ಷದಲ್ಲಿ 1,87,200 ರೂಪಾಯಿ! ತಮ್ಮ ರಿಟರ್ನ್ ಸಲ್ಲಿಸಿದರೆ ಅದರಲ್ಲಿ 1,86,160 ಹಿಂದೆ ಬರುತ್ತದೆ. ಸಲ್ಲಿಸದಿದ್ದರೆ ಬರುವುದಿಲ್ಲ.

ಇದರ ಹೆಸರು ರಿಬೇಟ್ ಅಲ್ಲ, ರೀಫಂಡ್. ಸರಕಾರ ಕೊಡುವ ರಿಯಾಯಿತಿಯಲ್ಲ ಇದು, ನಿಮ್ಮಿಂದ ಹೆಚ್ಚಾಗಿ ಹೋದ ಹಣದ ಮರುಪಾವತಿ. ರಿಬೇಟಿನ ಹಿಂದೆ ಓಡುವ ನಾವು ರೀಫಂಡನ್ನು ಮರೆತಿದ್ದೇವೆ. ಬ್ಯಾಂಕ್ ಠೇವಣಿಯ ಮೇಲೆ, ಏಜೆಂಟರ ಕಮಿಷನ್ ಮೇಲೆ, ಗುತ್ತಿಗೆದಾರರ ಬಿಲ್ಲಿನ ಮೇಲೆ ನಿರ್ದಿಷ್ಟ ಮಿತಿ ದಾಟಿದಾಗ ಹಣ ಕೊಡುವವರೇ ತೆರಿಗೆ ಹಿಡಿಯುತ್ತಾರೆ. ಇದೇ ಟಿಡಿಎಸ್. ಪೇಂಟಿಂಗ್ ಗುತ್ತಿಗೆ ಮಾಡುವ ನಮ್ಮ ಹುಡುಗರಿಗೆ ಬಿಲ್ಲಿನಲ್ಲಿ ಶೇಕಡಾ 1 ಹೋದದ್ದು ಗೊತ್ತಿರುತ್ತದೆ; ಅದು ತಮ್ಮದೇ ಪಾನ್ ಸಂಖ್ಯೆಯ ಕೆಳಗೆ ಜಮೆಯಾಗಿದೆ ಎಂಬುದು ಗೊತ್ತಿರುವುದಿಲ್ಲ.

2024ರ ನವೆಂಬರಿನಲ್ಲಿ ಒಬ್ಬ ವಿಧವೆ ಸಹೋದರಿ ನನ್ನ ಬಳಿ ಬಂದಿದ್ದರು. ಅವರ ಮನೆಯ ಮುಂದಿನ ಕೋಣೆಯನ್ನು ಕಂಪೆನಿಯೊಂದಕ್ಕೆ ತಿಂಗಳಿಗೆ 25,000ದಂತೆ ಬಾಡಿಗೆಗೆ ಕೊಟ್ಟಿದ್ದರು. ಕೈಗೆ ಬರುತ್ತಿದ್ದದ್ದು 22,500. “ಉಳಿದದ್ದು ಅವರ ಕಚೇರಿಯ ಖರ್ಚು ಇರಬೇಕು” ಎಂದು ಮೂರು ವರ್ಷ ಸುಮ್ಮನಿದ್ದರು. ಮದ್ರಸದ ಫೀಸಿಗೆ ಸಾಲ ಮಾಡಿದ ವರ್ಷಗಳವು. ವರ್ಷಕ್ಕೆ 30,000ದಂತೆ ಒಟ್ಟು 90,000 ರೂಪಾಯಿ ಟಿಡಿಎಸ್ ಆಗಿ ಅವರ ಹೆಸರಿನಲ್ಲಿ ಸರಕಾರದ ಬಳಿ ಕುಳಿತಿತ್ತು. ಅವರ ತೆರಿಗೆಯ ಆದಾಯವಾದರೋ 2,10,000. ಒಂದು ರೂಪಾಯಿ ತೆರಿಗೆಯೂ ಬೀಳದು. ಕೊನೆಯ ವರ್ಷದ ರಿಟರ್ನನ್ನು ತಡವಾಗಿಯಾದರೂ ಡಿಸೆಂಬರ್ ಒಳಗೆ ಸಲ್ಲಿಸಿದೆವು. 30,000 ಖಾತೆಗೆ ಬಂತು. ಹಿಂದಿನ ಎರಡು ವರ್ಷಗಳ ಗಡುವು ಮುಗಿದಿತ್ತು. ಗಡುವು ದಾಟಿದ ಮೇಲೆ ಸಲ್ಲಿಸಲು ಅವಕಾಶವಿರುವ ಅಪ್‌ಡೇಟೆಡ್ ರಿಟರ್ನ್ ತೆರಿಗೆ ಕಟ್ಟುವವರಿಗಾಗಿದೆ, ರೀಫಂಡ್ ಕೇಳುವವರಿಗಲ್ಲ. ವಿಳಂಬವನ್ನು ಮನ್ನಿಸಬೇಕೆಂದು ಮೇಲಧಿಕಾರಿಗೆ ಕಾರಣ ಸಹಿತ ಅರ್ಜಿ ಹಾಕುವ ದಾರಿಯೊಂದೇ ಉಳಿಯಿತು. 2024ರ ಅಕ್ಟೋಬರಿನ ಸುತ್ತೋಲೆಯಂತೆ ತೆರಿಗೆ ನಿರ್ಧಾರದ ವರ್ಷ ಮುಗಿದ ಬಳಿಕ ಐದು ವರ್ಷದವರೆಗೆ ಅದಕ್ಕೆ ಅವಕಾಶವಿದೆ. ಆದರೆ ಒಪ್ಪುವುದು, ಬಿಡುವುದು ಅಧಿಕಾರಿಯ ಕೈಯಲ್ಲಿ. ಆ ಸಹೋದರಿ ಈಗಲೂ ಕಾಯುತ್ತಿದ್ದಾರೆ.

ಹೆಸರಿನ ವಿಷಯವನ್ನೂ ಹೇಳಬೇಕು. ಪಾನ್ ಕಾರ್ಡಿನಲ್ಲಿ ಮೊಹಮ್ಮದ್, ಆಧಾರಿನಲ್ಲಿ ಮುಹಮ್ಮದ್, ಪಾಸ್‌ಬುಕ್ಕಿನಲ್ಲಿ ಬರೀ ಎಂ.ಡಿ. ಒಬ್ಬರದ್ದೇ ಮೂರು ಹೆಸರು. ರೀಫಂಡ್ ಬರಬೇಕಾದ ಖಾತೆಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಬೇಕು. ಹೆಸರು ಹೊಂದದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಆಧಾರ್ ಜೋಡಿಸದೆ ನಿಷ್ಕ್ರಿಯವಾದ ಪಾನ್‌ಗೆ 2023ರ ಜುಲೈ 1ರಿಂದ ರೀಫಂಡನ್ನೇ ತಡೆಹಿಡಿಯಲಾಗುತ್ತಿದೆ, ಟಿಡಿಎಸ್ ಕೂಡಾ ಹೆಚ್ಚಿನ ದರದಲ್ಲಿ ಹೋಗುತ್ತದೆ. ಮಗುವಿಗೆ ಹೆಸರಿಡುವಾಗ ತೋರುವ ಶ್ರದ್ಧೆಯನ್ನು ಅದನ್ನು ಬರೆಸುವಾಗಲೂ ತೋರಿಸಬಾರದೇ?

ಇಷ್ಟು ಕೇಳಿದ ಬಳಿಕ ಯಾರಾದರೂ ನೇರವಾಗಿ ಏಜೆಂಟರ ಬಳಿಗೆ ಓಡುವ ಮೊದಲು ಇನ್ನೊಂದು ಮಾತು. ರೀಫಂಡ್ ತೆಗೆಸಿಕೊಡುತ್ತೇನೆ, ಅದರಲ್ಲಿ ಇಷ್ಟು ಪಾಲು ಕೊಡಿ ಎನ್ನುವವರು ಹುಟ್ಟಿಕೊಂಡಿದ್ದಾರೆ. ಕೊಡದ ಮನೆಬಾಡಿಗೆ, ಕಟ್ಟದ ವಿಮೆ, ಹೆಸರೇ ಕೇಳದ ರಾಜಕೀಯ ಪಕ್ಷಕ್ಕೆ ದೇಣಿಗೆ ಎಂದೆಲ್ಲ ಬರೆದು ಸಂಬಳದವರಿಗೆ ದೊಡ್ಡ ಮೊತ್ತ ಬರಿಸುತ್ತಾರೆ. 2025ರ ಜುಲೈ 14ರಂದು ಇಲಾಖೆ ಇಂತಹ ಸುಳ್ಳು ಬೇಡಿಕೆಗಳ ಬಗ್ಗೆ ದೇಶದ 150 ಕಡೆ ಪರಿಶೀಲನೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲೇ ಸುಮಾರು 40,000 ಮಂದಿ 1,045 ಕೋಟಿ ರೂಪಾಯಿಯ ಸುಳ್ಳು ಬೇಡಿಕೆಗಳನ್ನು ತಾವಾಗಿ ಹಿಂತೆಗೆದುಕೊಂಡಿದ್ದರು. ಸಿಕ್ಕಿಬಿದ್ದವನಿಗೆ ತೆರಿಗೆ ಮತ್ತು ಬಡ್ಡಿಯಲ್ಲದೆ ತೆರಿಗೆಯ ಎರಡು ಪಟ್ಟು ದಂಡವಿದೆ. ನೋಟೀಸು ಬರುವುದು ಏಜೆಂಟನಿಗಲ್ಲ, ಸಹಿ ಹಾಕಿದವನಿಗೆ. ನನ್ನ ಬಳಿ ನೋಟೀಸು ಹಿಡಿದು ಬಂದ ಯುವಕನೊಬ್ಬ “ಎಲ್ಲರೂ ಮಾಡುತ್ತಾರೆ ಸರ್” ಎಂದ. ಎಲ್ಲರೂ ಮಾಡುವುದು ಹಲಾಲ್ ಎಂದು ನಿನಗೆ ಯಾರು ಕಲಿಸಿದರು ಎಂದು ಕೇಳಿದೆ. ಪಡೆದ ಮೊತ್ತಕ್ಕಿಂತ ಹೆಚ್ಚಿನದನ್ನು ಅವನು ಕಂತಿನಲ್ಲಿ ಹಿಂದೆ ಕಟ್ಟುತ್ತಿದ್ದಾನೆ.

ಒಂದು ಮಾತನ್ನು ಸರಕಾರಕ್ಕೂ ಹೇಳಬೇಕಾಗಿದೆ. ಹನ್ನೆರಡು ಲಕ್ಷದವರೆಗಿನ ರಿಬೇಟನ್ನು ಮಧ್ಯಮ ವರ್ಗಕ್ಕೆ ಕೊಟ್ಟ ಕೊಡುಗೆಯೆಂದು ಹೊಗಳಲಾಯಿತು. ಸಂತೋಷ. ಆದರೆ ಬೀಡಿ ಕಟ್ಟುವ ಹೆಂಗಸು, ಬಂದರಿನ ಹಮಾಲಿ 2017ರ ಜುಲೈಯಿಂದ ಕೊಳ್ಳುವ ವಸ್ತುಗಳ ಮೇಲೆ ಜಿಎಸ್‌ಟಿ ಕೊಡುತ್ತಲೇ ಬಂದಿದ್ದಾರೆ. ಅವರಿಗೆ ಯಾವ ರಿಬೇಟ್? ಯಾವ ರೀಫಂಡ್? ತೆರಿಗೆದಾರರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ.

1961ರ ಕಾಯ್ದೆಗೆ ಬದಲಾಗಿ 2026ರ ಎಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊಸ ಆದಾಯ ತೆರಿಗೆ ಕಾಯ್ದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದೆ. ಹಾಗಾಗಿ ಸೆಕ್ಷನ್‌ಗಳ ಮತ್ತು ಫಾರಂಗಳ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಡಿ. ಇಂದು ರಾತ್ರಿ ಮನೆಗೆ ಹೋದ ಮೇಲೆ ಒಂದೇ ಕೆಲಸ ಮಾಡಿ. ಮನೆಯಲ್ಲಿ ಓದಿದ ಮಗಳೋ ಮಗನೋ ಇದ್ದರೆ ಇಲಾಖೆಯ ಅಧಿಕೃತ ಪೋರ್ಟಲನ್ನು ತೆರೆಯಲು ಹೇಳಿ. ನಿಮ್ಮ ಪಾನ್ ಸಂಖ್ಯೆಯ ಕೆಳಗೆ ಯಾರು, ಯಾವ ವರ್ಷ, ಎಷ್ಟು ತೆರಿಗೆ ಹಿಡಿದು ಕಟ್ಟಿದ್ದಾರೆಂಬ ಪಟ್ಟಿ ಅಲ್ಲಿದೆ. ನೋಡಲು ಹಣ ಕೊಡಬೇಕಾಗಿಲ್ಲ. ಮೊಬೈಲಿಗೆ ಬರುವ ಓಟಿಪಿಯನ್ನು ನನಗೂ ಹೇಳಬೇಡಿ. ಬರುವ ಭಾನುವಾರ ಅಸರ್ ನಮಾಝಿನ ಬಳಿಕ ನಾನು ಇದೇ ಸಭಾಂಗಣದಲ್ಲಿ ಕುಳಿತಿರುತ್ತೇನೆ. ಪಾನ್, ಆಧಾರ್, ಪಾಸ್‌ಬುಕ್ ಮೂರನ್ನೂ ತನ್ನಿ. ಮೊದಲು ಹೆಸರು ಒಂದೇ ಇದೆಯೇ ಎಂದು ನೋಡೋಣ.