ಖಾಕಿಗೊಂದು ಭಾನುವಾರ

(ಕಾಟನ್‌ಪೇಟೆಯ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಪೊಲೀಸರು ಸೇರಿ ಮೋಟಾರ್ ಸೈಕಲ್ ಸಂಘ ಕಟ್ಟಿಕೊಂಡ ಕಥೆ ಹೇಳುತ್ತೇನೆ ಎಂದೊಡನೆ ನಿಮ್ಮಲ್ಲಿ ಕೆಲವರು ನಕ್ಕಿರಿ. ನಗು ಸಹಜವೇ. ನಮ್ಮ ಮನಸ್ಸಿನ ಚಿತ್ರದಲ್ಲಿ ಬೈಕಿನವನು ಓಡುವವನು, ಪೊಲೀಸಿನವನು ಅಡ್ಡಗಟ್ಟುವವನು. ಇವರಿಬ್ಬರ ಸಂಬಂಧ ಸಾಮಾನ್ಯವಾಗಿ ದಂಡದ ರಸೀತಿಯಲ್ಲಿ ಮುಗಿಯುತ್ತದೆ. ಇಬ್ಬರೂ ಒಬ್ಬನೇ ಆದರೆ ಏನಾಗುತ್ತದೆ ಎಂಬುದೇ ಇವತ್ತಿನ ವಿಷಯ.

ಈ ಮಾತಿಗೆ ಕಾಟನ್‌ಪೇಟೆ ತಕ್ಕ ಜಾಗ. ಈ ರಸ್ತೆಯ ತುದಿಯಲ್ಲೇ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಇತ್ತು. 1884ರಲ್ಲಿ ಹುಟ್ಟಿದ್ದು, ಜನರ ಬಾಯಲ್ಲಿ ಬಿನ್ನಿ ಮಿಲ್. ಇದೇ ಬಿನ್ನಿ ಕಂಪೆನಿಯ ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು ಬಣ್ಣ ಬಿಡದ ಖಾಕಿ ಬಟ್ಟೆಗೆ ಹೆಸರಾಗಿದ್ದವು. ಖಾಕಿಯ ನಂಟು ಇಲ್ಲಿಗೆ ಹೀಗೂ ಇದೆ. ಇನ್ನು ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟು ಇಲ್ಲಿನ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬರುತ್ತದಲ್ಲ, ಆಗ ಊರೆಲ್ಲ ಕರಗ ನೋಡುತ್ತದೆ. ಕರಗಕ್ಕೆ ಬೆನ್ನು ಮಾಡಿ ಜನರನ್ನು ನೋಡುತ್ತ ಬೆಳಗಿನವರೆಗೆ ನಿಲ್ಲುವವರು ಪೊಲೀಸರು ಮಾತ್ರ. ಹಬ್ಬ ಎಲ್ಲರಿಗೆ, ಬಂದೋಬಸ್ತು ಅವರಿಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಥೆ ನಡೆದದ್ದು ಅಮೆರಿಕದ ಈಶಾನ್ಯ ಮೂಲೆಯ ಮೈನ್ ರಾಜ್ಯದಲ್ಲಿ, ಬ್ಯಾಂಗರ್ ಎಂಬ ಊರಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ದಿಮ್ಮಿಗಳ ವ್ಯಾಪಾರದಿಂದ ಬೆಳೆದ ನದಿದಂಡೆಯ ಊರು ಅದು. ಅಲ್ಲಿ ಚಳಿಗಾಲ ಬಹಳ ಉದ್ದ, ಹಿಮ ಬಿದ್ದರೆ ತಿಂಗಳುಗಟ್ಟಲೆ ಬೈಕು ಷೆಡ್ಡಿನಿಂದ ಆಚೆ ಬರುವಂತಿಲ್ಲ. ವಸಂತ ಬಂತೆಂದರೆ ಬೈಕಿನವರಿಗೆ ಯುಗಾದಿ. 1974ರ ವಸಂತದಲ್ಲಿ ಆ ಊರಿನ ಕೆಲವು ಪೊಲೀಸರು, ಬೈಕಿನ ಹುಚ್ಚಿದ್ದವರು, ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಜೊತೆಯಾಗಿ ಸವಾರಿ ಹೋಗುವುದೆಂದು ಮಾತಾಡಿಕೊಂಡರು. ಅಷ್ಟೇ ಆರಂಭ. ತಮ್ಮ ಕೂಟಕ್ಕೆ ‘ಬ್ಲೂ ನೈಟ್ಸ್’ ಎಂದು ಹೆಸರಿಟ್ಟರು. ಇಲ್ಲಿ ನೈಟ್ ಎಂದರೆ ರಾತ್ರಿಯಲ್ಲ, ಕುದುರೆ ಏರಿದ ಹಳೆಯ ಕಾಲದ ಸರದಾರ. ನೀಲಿ ಅಲ್ಲಿನ ಪೊಲೀಸ್ ಉಡುಪಿನ ಬಣ್ಣ. ನಮ್ಮಲ್ಲಾಗಿದ್ದರೆ ‘ಖಾಕಿ ಸರದಾರರು’ ಎನ್ನಬೇಕಿತ್ತೇನೊ!

ಸದಸ್ಯತ್ವದ ನಿಯಮವೂ ಸರಳ. ಸೇವೆಯಲ್ಲಿರುವ ಅಥವಾ ನಿವೃತ್ತರಾದ ಪೊಲೀಸರು, ಗಂಡಸರಾಗಲಿ ಹೆಂಗಸರಾಗಲಿ, ಬೈಕು ಓಡಿಸುವವರಾದರೆ ಸೇರಬಹುದು. ಹೆಂಡತಿ, ಗಂಡ, ಮಕ್ಕಳು ಸವಾರಿಗೆ ಜೊತೆಗೂಡುತ್ತಾರೆ. ಲಾಭದ ಉದ್ದೇಶವಿಲ್ಲ, ಸವಾರಿಯ ನೆಪದಲ್ಲಿ ಕೂಡಿಸಿದ ಹಣ ದಾನಧರ್ಮಕ್ಕೆ ಹೋಗುತ್ತದೆ. ಇಂದು ಅದಕ್ಕೆ 20ಕ್ಕೂ ಹೆಚ್ಚು ದೇಶಗಳಲ್ಲಿ ನೂರಾರು ಶಾಖೆಗಳಿವೆ. ಪ್ರಧಾನ ಕಚೇರಿ ಈಗಲೂ ಅದೇ ಬ್ಯಾಂಗರಿನಲ್ಲಿ.

ಇದರಲ್ಲಿ ವಿಶೇಷವೇನು ಎಂದು ಕೇಳಬಹುದು. ವಿಶೇಷ ತಿಳಿಯಬೇಕಾದರೆ ಅಮೆರಿಕದಲ್ಲಿ ಆ ಕಾಲಕ್ಕೆ ಬೈಕಿನ ಹೆಸರು ಎಷ್ಟು ಕೆಟ್ಟಿತ್ತೆಂದು ತಿಳಿಯಬೇಕು. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಹುಡುಗರಿಗೆ ಮನೆಯ ಸಪ್ಪೆ ಬದುಕು ಒಗ್ಗಲಿಲ್ಲ, ಅಗ್ಗಕ್ಕೆ ಸಿಕ್ಕ ಮೋಟಾರ್ ಸೈಕಲ್ ಹತ್ತಿದರು. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯದ ಹಾಲಿಸ್ಟರ್ ಎಂಬ ಪುಟ್ಟ ಊರಿನಲ್ಲಿ ಬೈಕಿನವರ ಜಾತ್ರೆ ಗಲಾಟೆಗೆ ತಿರುಗಿತು. ಪತ್ರಿಕೆಗಳು ಅದನ್ನು ಹಿಗ್ಗಿಸಿ ಬರೆದವು. (ನಮ್ಮ ವೃತ್ತಿಯವರ ಚಪಲ ಆಗಲೂ ಇತ್ತು.) ಮರುವರ್ಷ ಹೆಲ್ಸ್ ಏಂಜಲ್ಸ್ ಹುಟ್ಟಿತು. 1953ರಲ್ಲಿ ಮರ್ಲಾನ್ ಬ್ರ್ಯಾಂಡೊ ಚರ್ಮದ ಕೋಟು ತೊಟ್ಟು ‘ದಿ ವೈಲ್ಡ್ ಒನ್’ ಚಿತ್ರದಲ್ಲಿ ಬೈಕು ಏರಿದ. ಅಲ್ಲಿಂದ ಮುಂದೆ ಬೈಕಿನ ಗುಂಪು ಎಂದರೆ ಪುಂಡರ ಗುಂಪು ಎಂಬುದು ಸಿನಿಮಾ ನೋಡದವರಿಗೂ ಖಾತ್ರಿಯಾಯಿತು. 1969ರಲ್ಲಿ ಆಲ್ಟಮಾಂಟ್ ಸಂಗೀತೋತ್ಸವದಲ್ಲಿ ವೇದಿಕೆಯ ಕಾವಲಿಗಿದ್ದ ಹೆಲ್ಸ್ ಏಂಜಲ್ಸ್ ಕಡೆಯವನೊಬ್ಬನ ಇರಿತದಿಂದ ಪ್ರೇಕ್ಷಕನೊಬ್ಬ ಸತ್ತ.

ಇದಾಗಿ ಐದೇ ವರ್ಷಕ್ಕೆ ಬ್ಯಾಂಗರಿನ ಪೊಲೀಸರು ಸಂಘ ಕಟ್ಟಿದ್ದು. ಹಾಗೆ ನೋಡಿದರೆ ಪೊಲೀಸರಿಗೂ ಬೈಕಿಗೂ ಇರುವ ನಂಟು ಪುಂಡರದಕ್ಕಿಂತ ಹಳೆಯದು. ಹಾರ್ಲೆ-ಡೇವಿಡ್‌ಸನ್ ಕಂಪೆನಿ ಪೊಲೀಸರಿಗೆ ಮೊದಲ ಬೈಕು ಕೊಟ್ಟದ್ದು 1908ರಲ್ಲಿ, ಡೆಟ್ರಾಯ್ಟ್ ನಗರಕ್ಕೆ. ಆದರೆ ಅದು ಸರಕಾರಿ ಬೈಕು, ಅಟ್ಟಿಸಿಕೊಂಡು ಹೋಗುವುದಕ್ಕೆ ಇದ್ದದ್ದು. ಭಾನುವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಯಾರನ್ನೂ ಅಟ್ಟದೆ ಸುಮ್ಮನೆ ಹೋಗುವ ಸುಖ ಬೇರೆ. ಬೇಟೆಯವನು ಬಂದೂಕು ಮನೆಯಲ್ಲಿಟ್ಟು ಕಾಡಿಗೆ ಹೋದ ಹಾಗೆ.

ಎಲ್ಲವೂ ಹೀಗೆ ಚೆಂದವಾಗಿಯೇ ಉಳಿಯಲಿಲ್ಲ. ಆಮೇಲೆ ಹುಟ್ಟಿದ ಇಂಥ ಕೆಲವು ಸಂಘಗಳು ಕಪ್ಪು ಕೋಟು, ಬೆನ್ನಿನ ಲಾಂಛನ, ಗಡಸು ನೋಟ ಎಲ್ಲವನ್ನೂ ಪುಂಡರಿಂದಲೇ ಎರವಲು ತಂದವು. 2008ರ ಆಗಸ್ಟಿನಲ್ಲಿ ಸೌತ್ ಡಕೋಟದ ಸ್ಟರ್ಜಿಸ್ ಬೈಕ್ ಮೇಳದಲ್ಲಿ ‘ಐರನ್ ಪಿಗ್ಸ್’ ಎಂಬ ಸಂಘಕ್ಕೆ ಸೇರಿದ ಪೊಲೀಸನೊಬ್ಬ ಬಾರಿನ ಜಗಳದಲ್ಲಿ ಗುಂಡು ಹಾರಿಸಿ, ಹೆಲ್ಸ್ ಏಂಜಲ್ಸ್ ಸದಸ್ಯ ಗಾಯಗೊಂಡ. ಡ್ಯೂಟಿಯ ಬಟ್ಟೆ ಕಳಚಿದ ಮಾತ್ರಕ್ಕೆ ಅಧಿಕಾರ ಕಳಚುವುದಿಲ್ಲ, ಸೊಂಟದ ಪಿಸ್ತೂಲೂ ಕೆಲವೊಮ್ಮೆ ಕಳಚುವುದಿಲ್ಲ. ಪೊಲೀಸರ ಸಂಘ ಎಂದಾಗ ಆಳುವವರಿಗೆ ಎಲ್ಲ ಕಾಲದಲ್ಲೂ ಇರುವ ಅಳುಕಿಗೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ.

ಈಗ ನಮ್ಮ ಊರಿಗೆ ಬರೋಣ. ಬೈಕಿನ ವಿಷಯದಲ್ಲಿ ನಾವೇನೂ ಬಡವರಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಅಲ್ಲಿಂದ ಜಾವಾ, ಆಮೇಲೆ ಯೆಜ್ಡಿ, 1996ರಲ್ಲಿ ಬಾಗಿಲು ಮುಚ್ಚುವವರೆಗೂ ನಾಡಿನ ರಸ್ತೆಗಳಲ್ಲಿ ಸದ್ದು ಮಾಡಿದವು. ಇಂದಿಗೂ ಪ್ರತಿ ಜುಲೈಯಲ್ಲಿ ಬೆಂಗಳೂರಿನ ಅಭಿಮಾನಿಗಳು ಆ ಹಳೆಯ ಗಾಡಿಗಳನ್ನು ಒರೆಸಿ, ತಿಕ್ಕಿ, ಒಂದೆಡೆ ಸೇರಿಸಿ ಹಬ್ಬ ಮಾಡುತ್ತಾರೆ. ಬಿಡಿಭಾಗ ಬೇಕಾದರೆ ಜೆ.ಸಿ. ರಸ್ತೆ ಇಲ್ಲಿಂದ ದೂರವಿಲ್ಲ. ಪೊಲೀಸರ ಕೈಗೆ ಬಂದ ಬುಲೆಟ್ ಅತ್ತ ಮದರಾಸಿನದು. 1955ರಲ್ಲಿ ಅಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿದ್ದಕ್ಕೆ ಸೇನೆಯ ಬೇಡಿಕೆಯೇ ಮೂಲ. ಬೆಂಗಳೂರಿನ ಪೊಲೀಸರಲ್ಲಿ ಬೈಕಿನ ಗಸ್ತಿಗೆ ‘ಚೀತಾ’ ಎಂಬ ಹೆಸರೂ ಬಂತು.

ಸಮವಸ್ತ್ರದವರ ಬೈಕ್ ತಂಡಗಳಂತೂ ಈ ಊರಿನ ಹೆಮ್ಮೆ. ಸೇನಾ ಪೊಲೀಸರ ‘ಶ್ವೇತ ಅಶ್ವ’ ತಂಡ, ಆರ್ಮಿ ಸರ್ವಿಸ್ ಕೋರ್‌ನ ‘ಟೊರ್ನಾಡೋಸ್’ ತಂಡ, ಎರಡಕ್ಕೂ ಬೆಂಗಳೂರೇ ಮನೆ. ಗಣರಾಜ್ಯೋತ್ಸವದ ದಿನ ಮಾಣೆಕ್ ಷಾ ಮೈದಾನದಲ್ಲಿ ಇಂಥ ತಂಡಗಳ ಕಸರತ್ತು ನೋಡಿ ಚಪ್ಪಾಳೆ ತಟ್ಟಿದವರು ಇಲ್ಲೂ ಇದ್ದೀರಿ. 2017ರ ನವೆಂಬರಿನಲ್ಲಿ ಯಲಹಂಕದ ವಾಯುನೆಲೆಯಲ್ಲಿ ಟೊರ್ನಾಡೋಸ್ ತಂಡದ 58 ಮಂದಿ ಒಂದೇ ಬುಲೆಟ್ ಮೇಲೆ ಸಾಗಿ ವಿಶ್ವದಾಖಲೆ ಮಾಡಿದರು. ಐವತ್ತೆಂಟು! ನಮ್ಮಲ್ಲಿ ಮೂವರು ಕೂತರೆ ದಂಡ.

ಆದರೆ ಇವೆಲ್ಲ ಅಪ್ಪಣೆಯ ಮೇಲೆ ನಡೆಯುವ ಸವಾರಿ. ಬ್ಯಾಂಗರಿನವರದು ಯಾರ ಅಪ್ಪಣೆಯೂ ಇಲ್ಲದ ಸವಾರಿ. ವ್ಯತ್ಯಾಸ ಇರುವುದು ಇಲ್ಲೇ.

ನಮ್ಮ ಕಾನ್‌ಸ್ಟೇಬಲ್ಲುಗಳು ಹಾಗೆ ಸಂಘ ಕಟ್ಟಬಹುದೆ? ಕಾನೂನು ಏನೆನ್ನುತ್ತದೆ ನೋಡೋಣ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನ ಎಲ್ಲ ನಾಗರಿಕರಿಗೂ ಕೊಟ್ಟಿದೆ. ಆದರೆ 33ನೆಯ ವಿಧಿಯಲ್ಲಿ, ಸೇನೆ ಮತ್ತು ಪೊಲೀಸರ ಮಟ್ಟಿಗೆ ಆ ಹಕ್ಕನ್ನು ಮೊಟಕು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರಂತೆ ಬಂದದ್ದು 1966ರ ಪೊಲೀಸ್ ಪಡೆಗಳ ಹಕ್ಕುಗಳ ನಿರ್ಬಂಧ ಕಾಯ್ದೆ. ಕಾರ್ಮಿಕ ಸಂಘ, ರಾಜಕೀಯ ಸಂಘಗಳಿಗೆ ಪೊಲೀಸರು ಅನುಮತಿಯಿಲ್ಲದೆ ಸೇರುವಂತಿಲ್ಲ. ಬೇರೆ ಸಂಘಗಳೂ ಪಡೆಯ ಅಂಗವೆಂದು ಮಾನ್ಯತೆ ಪಡೆದಿರಬೇಕು, ಇಲ್ಲವೆ ಶುದ್ಧ ಸಾಮಾಜಿಕ, ಮನರಂಜನೆಯ ಅಥವಾ ಧಾರ್ಮಿಕ ಸ್ವರೂಪದವಾಗಿರಬೇಕು. ಅಂದರೆ ಭಜನಾ ಮಂಡಳಿಗೆ ಅಡ್ಡಿಯಿಲ್ಲ, ಕೇರಂ ಕೂಟಕ್ಕೆ ಅಡ್ಡಿಯಿಲ್ಲ. ಬೈಕ್ ಸಂಘಕ್ಕೂ ಈ ಕಾಯ್ದೆ ಅಡ್ಡ ಬರುವುದಿಲ್ಲ. ಎಲ್ಲಿಯವರೆಗೆ? ಧಾಬಾದಲ್ಲಿ ಬೈಕು ನಿಲ್ಲಿಸಿ ಟೀ ಕುಡಿಯುತ್ತ ‘ನಿನಗೆ ರಜೆ ಸಿಕ್ಕಿತೆ?’ ಎಂದು ಒಬ್ಬರನ್ನೊಬ್ಬರು ಕೇಳಿ ಆ ಮಾತು ಮನವಿಪತ್ರವಾಗುವವರೆಗೆ. ಅಲ್ಲಿಗೆ ಮನರಂಜನೆ ಮುಗಿದು ಇನ್ನೇನೋ ಶುರುವಾಗುತ್ತದೆ. ನೆರೆಯ ಕೇರಳದಲ್ಲಿ ಪೊಲೀಸರ ಸಂಘಕ್ಕೆ ಮಾನ್ಯತೆ ಇದೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ನಮ್ಮಲ್ಲಿ 2016ರ ಜೂನ್ 4ರಂದು ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆಂಬ ಕರೆಗೇ ಸರಕಾರ ತತ್ತರಿಸಿತು. ಎಸ್ಮಾ ಬಂತು, ಬಂಧನವೂ ಆಯಿತು. ಸಂಬಳ, ರಜೆ, ಮೇಲಿನವರ ನಡವಳಿಕೆ, ಇವು ಅವರ ಅಳಲು. ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಅಧ್ಯಕ್ಷತೆಯ ಸಮಿತಿ ರಚನೆಯಾದದ್ದು ಅದೇ ವರ್ಷ.

ನಾನು ವರದಿಗಾಗಿ ಠಾಣೆಗಳ ಬೆಂಚಿನ ಮೇಲೆ ಕುಳಿತು ಕಾಯುವವನು. ರಾತ್ರಿ ಪಾಳಿಯವರು ಬೆಳಗಿನ ಬಂದೋಬಸ್ತಿಗೆ ಹಾಗೇ ಮುಂದುವರಿಯುವುದನ್ನು ನೋಡಿ ಬಲ್ಲೆ. ಅಂಕಿಯೂ ಇದೇ ಮಾತು ಹೇಳುತ್ತದೆ. ಕೇಂದ್ರದ ಪೊಲೀಸ್ ಸಂಶೋಧನಾ ಬ್ಯೂರೊಗಾಗಿ 2014ರಲ್ಲಿ ನಡೆದ ಅಧ್ಯಯನದಂತೆ ದೇಶದ ಠಾಣಾ ಸಿಬ್ಬಂದಿಯಲ್ಲಿ ಹೆಚ್ಚು ಕಡಿಮೆ ಶೇ. 90 ಮಂದಿ ದಿನಕ್ಕೆ 8 ಗಂಟೆಗೂ ಮೀರಿ ದುಡಿಯುತ್ತಿದ್ದರು. ತಮ್ಮ ಸಿಬ್ಬಂದಿಗೆ ತಿಂಗಳಿಗೆ ಒಂದು ವಾರದ ರಜೆಯೂ ಸಿಗುತ್ತಿಲ್ಲ ಎಂದ ಠಾಣಾಧಿಕಾರಿಗಳು ಶೇ. 73ಕ್ಕೂ ಹೆಚ್ಚು. ಇದರ ಬೇರು ಹಳೆಯದು. ಬ್ರಿಟಿಷರ 1861ರ ಪೊಲೀಸ್ ಕಾಯ್ದೆಯ 22ನೆಯ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿ ಸದಾಕಾಲ ಕರ್ತವ್ಯದಲ್ಲೇ ಇರುವವನು. ಹೀಗೆ ಬರೆದವರ ಮನಸ್ಸಿನಲ್ಲಿ ಅವನ ಮನೆ, ಮಕ್ಕಳು ಇದ್ದಂತೆ ಕಾಣುವುದಿಲ್ಲ. ಧರ್ಮವೀರ ಅವರ ರಾಷ್ಟ್ರೀಯ ಪೊಲೀಸ್ ಆಯೋಗ 1979ರ ತನ್ನ ಮೊದಲ ವರದಿಯನ್ನು ಮೀಸಲಿಟ್ಟದ್ದೇ ಮುಖ್ಯವಾಗಿ ಕಾನ್‌ಸ್ಟೇಬಲ್ಲುಗಳ ಕಷ್ಟಕ್ಕೆ. ವರದಿ ಬಂದು ನಾಲ್ಕು ದಶಕ ದಾಟಿತು.

ಹಾಗಾಗಿ ಬ್ಯಾಂಗರಿನ ಸಂಘವನ್ನು ಇಲ್ಲಿ ನೆಡಬೇಕಾದರೆ ಬೈಕು ಕೊರತೆಯಲ್ಲ, ಕಾನೂನೂ ಅಷ್ಟಾಗಿ ತೊಡಕಲ್ಲ. ಅವರು ಡ್ಯೂಟಿ ಮುಗಿದ ಮೇಲೆ ಸವಾರಿ ಹೊರಟರು. ಅವರ ಡ್ಯೂಟಿ ಮುಗಿಯುತ್ತಿತ್ತು. ನಮ್ಮ ಮಟ್ಟಿಗೆ ಅದೇ ಕಗ್ಗಂಟು. ಒಬ್ಬನಿಗೆ ಈ ಭಾನುವಾರ ರಜೆ ಸಿಕ್ಕರೆ ಅವನ ಗೆಳೆಯನಿಗೆ ಮುಂದಿನ ಗುರುವಾರ. ಅದೂ ಗಣ್ಯರ ಭೇಟಿ, ಮೆರವಣಿಗೆ, ಕ್ರಿಕೆಟ್ ಪಂದ್ಯ ಯಾವುದೂ ಬಾರದಿದ್ದರೆ. ಒಂಟಿಯಾಗಿ ನಂದಿಬೆಟ್ಟಕ್ಕೆ ಹೋಗಿ ಬರಬಹುದು, ಸಂಘ ಆಗುವುದಿಲ್ಲ. ಹತ್ತು ಮಂದಿ ಕಾನ್‌ಸ್ಟೇಬಲ್ಲುಗಳಿಗೆ ಒಂದೇ ದಿನ ರಜೆ ಕೊಡಿ ಎಂದು ಯಾವುದಾದರೂ ಠಾಣೆಯ ಇನ್‌ಸ್ಪೆಕ್ಟರರನ್ನು ಕೇಳಿ ನೋಡಿ. ಅವರು ಬೈಯುವುದಿಲ್ಲ. ಗೋಡೆಯ ಡ್ಯೂಟಿ ಪಟ್ಟಿಯನ್ನು ತೋರಿಸುತ್ತಾರೆ.