ಗಡಿ ಈಗ ಚೆಕ್-ಇನ್ ಕೌಂಟರಿನಲ್ಲಿದೆ

(ವರ್ತಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ವ್ಯಾಪಾರಿಯೊಬ್ಬರು ಮಾಲು ನೋಡಿಬರಲು ಹಾಂಗ್‌ಕಾಂಗ್‌ಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಇದೆ, ಹೋಗಿಬರುವ ಟಿಕೆಟ್ ಇದೆ, ಹೋಟೆಲಿನ ರೂಮೂ ಗೊತ್ತಾಗಿದೆ. 2016ರಲ್ಲಿ ಇಷ್ಟೇ ಹಿಡಿದು ಹೋಗಿಬಂದದ್ದೂ ಉಂಟು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುವಿ ನೋಡಿ, ‘ರಿಜಿಸ್ಟ್ರೇಷನ್ ಚೀಟಿ ಕೊಡಿ ಸರ್’ ಎನ್ನುತ್ತಾಳೆ. ‘ಅದ್ಯಾವ ಚೀಟಿಯಮ್ಮ?’ ಎಂದರೆ ಅಲ್ಲಿಗೆ ಪ್ರಯಾಣ ಮುಗಿಯಿತು. ಹಾಂಗ್‌ಕಾಂಗಿನ ಯಾವ ಅಧಿಕಾರಿಯೂ ಅವರನ್ನು ನೋಡಿಲ್ಲ, ಬರಬೇಡವೆಂದು ಹೇಳಿಲ್ಲ. ಹೇಳಿದ್ದು ದೇವನಹಳ್ಳಿಯ ಕೌಂಟರು.

2017ರ ಜನವರಿ 23ಕ್ಕೆ ಮುಂಚೆ ಭಾರತೀಯರು ಬರೀ ಪಾಸ್‌ಪೋರ್ಟಿನ ಮೇಲೆ ಹಾಂಗ್‌ಕಾಂಗ್‌ನಲ್ಲಿ 14 ದಿನ ಇರಬಹುದಿತ್ತು. ಆ ದಿನದಿಂದ 14 ದಿನವೇನೋ ಹಾಗೇ ಉಳಿಯಿತು. ಆದರೆ ಹೊರಡುವ ಮೊದಲೇ ಇಂಟರ್‌ನೆಟ್ಟಿನಲ್ಲಿ ನೋಂದಾಯಿಸಿ, ಒಪ್ಪಿಗೆಯ ಚೀಟಿಯನ್ನು ಬಿಳಿ ಹಾಳೆಯ ಮೇಲೆ ಮುದ್ರಿಸಿಕೊಂಡು ಒಯ್ಯಬೇಕೆಂಬ ನಿಯಮ ಸೇರಿಕೊಂಡಿತು. ಶುಲ್ಕವಿಲ್ಲ, ಒಮ್ಮೆ ಮಾಡಿಸಿದರೆ ಆರು ತಿಂಗಳು ನಡೆಯುತ್ತದೆ. ಕಂಪ್ಯೂಟರ್ ಒಪ್ಪದಿದ್ದರೆ ಮಾತ್ರ ವೀಸಾಕ್ಕೇ ಅರ್ಜಿ ಹಾಕಬೇಕು.

ಪ್ರಪಂಚದ ಬೇರೆ ಕಡೆ ಇದಕ್ಕೆ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ, ಚಿಕ್ಕದಾಗಿ ಇಟಿಎ ಎಂದು ಹೆಸರು. ಇದು ಬಹುತೇಕ ಕಡೆ ವೀಸಾ ಅಲ್ಲ. ವೀಸಾ ಬೇಕಿಲ್ಲದ ದೇಶದವರನ್ನು ವಿಮಾನ ಹತ್ತುವ ಮೊದಲೇ ಜರಡಿ ಹಿಡಿಯುವ ಏರ್ಪಾಡು. ಅನುಮತಿ ಸಿಕ್ಕಿತೆಂದರೆ ಒಳಗೆ ಬಿಟ್ಟರು ಎಂದೂ ಅರ್ಥವಲ್ಲ. ಅಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಅಧಿಕಾರಿ ಬೇಡವೆನ್ನಬಹುದು. ಅಂದರೆ ಅನುಮತಿ ಇದ್ದರೆ ಪ್ರವೇಶ ಖಾತ್ರಿಯಿಲ್ಲ, ಇಲ್ಲದಿದ್ದರೆ ವಿಮಾನವೇ ಇಲ್ಲ!

ಕಂಪ್ಯೂಟರ್ ಹೊಸದು, ಉಪಾಯ ಹಳೆಯದು. ಬೇಡದವರನ್ನು ತನ್ನ ಬಂದರಿನಲ್ಲಿ ತಡೆಯುವುದಕ್ಕಿಂತ ಅವರೂರಿನ ಟಿಕೆಟ್ ಕಚೇರಿಯಲ್ಲೇ ತಡೆಯುವುದು ಸುಲಭವೆಂದು ಕೆನಡಾ 1908ರಲ್ಲೇ ಕಂಡುಕೊಂಡಿತ್ತು. ಹುಟ್ಟಿದ ಅಥವಾ ಪ್ರಜೆಯಾಗಿರುವ ದೇಶದಿಂದ ನೇರ ಟಿಕೆಟ್ ಪಡೆದು, ಎಲ್ಲೂ ನಿಲ್ಲದೆ ಬಂದವರಿಗಷ್ಟೇ ಪ್ರವೇಶ ಎಂಬುದು ಆಗಿನ ನಿಯಮ. ಅದರಲ್ಲಿ ‘ಭಾರತೀಯ’ ಎಂಬ ಪದವೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಭಾರತದಿಂದ ಅಂಥ ಟಿಕೆಟ್ ಮಾರಬಹುದಾಗಿದ್ದ ಕೆನಡಿಯನ್ ಪೆಸಿಫಿಕ್ ಕಂಪನಿಯ ಮೇಲೆ ಒತ್ತಡ ತಂದು ಮಾರಾಟ ನಿಲ್ಲಿಸಿದರು, ಮುಗಿಯಿತು.

ಇದನ್ನು ಪ್ರಶ್ನಿಸಲು ಹೊರಟವರು ಗುರ್ದಿತ್ ಸಿಂಗ್ ಎಂಬ ವರ್ತಕ. ‘ಕೋಮಗಾಟ ಮಾರು’ ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಹಿಡಿದು 1914ರ ಏಪ್ರಿಲ್‌ನಲ್ಲಿ ಹೊರಟರು. ಹೊರಟದ್ದೂ ಹಾಂಗ್‌ಕಾಂಗ್‌ನಿಂದಲೇ. 376 ಪ್ರಯಾಣಿಕರು, ಬಹುಪಾಲು ಪಂಜಾಬಿನವರು. ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ಲಂಗರು ಹಾಕಿ ನಿಂತರೂ ಹಿಂದೆ ಅಲ್ಲೇ ನೆಲೆಸಿದ್ದವರು ಮುಂತಾದ ಕೆಲವರನ್ನು ಬಿಟ್ಟರೆ ಉಳಿದವರಿಗೆ ನೆಲ ಮುಟ್ಟಲು ಬಿಡಲಿಲ್ಲ. ಹಡಗು ಸೆಪ್ಟೆಂಬರ್ ಕೊನೆಯಲ್ಲಿ ಕಲ್ಕತ್ತೆಯ ಹತ್ತಿರದ ಬಜ್‌ಬಜ್‌ಗೆ ಬಂದಾಗ ಗೋಲಿಬಾರ್ ನಡೆದು ಸುಮಾರು 20 ಜನ ಸತ್ತರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಇದಕ್ಕೆ ಕ್ಷಮೆ ಕೇಳಿದ್ದು 2016ರ ಮೇ 18ರಂದು. ಕೆನಡಾ ತನ್ನ ಇಟಿಎ ಜಾರಿಗೆ ತಂದದ್ದು ಅದೇ ವರ್ಷದ ಮಾರ್ಚ್ 15ರಂದು. ಎರಡಕ್ಕೂ ನೇರ ಸಂಬಂಧವಿಲ್ಲ ನಿಜ. ಆದರೂ ತಾರೀಖುಗಳು ಒಂದರ ಪಕ್ಕ ಒಂದು ಬಂದು ಕೂತಿವೆ.

ಮೊದಲ ಮಹಾಯುದ್ಧ ಬಂದ ಮೇಲೆ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಯುದ್ಧ ಮುಗಿದರೂ ಅದು ಹೋಗಲಿಲ್ಲ. ಭಾರತದಲ್ಲಿ 1920ರ ಕಾಯಿದೆ ಬಂತು. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯೋ, ಪ್ರಜೆಯ ಹಕ್ಕೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಅರ್ಜಿದಾರ ಒಬ್ಬ ವ್ಯಾಪಾರಿಯೇ ಆಗಿದ್ದರು. ಮೋಟಾರು ಬಿಡಿಭಾಗಗಳ ಆಮದು ರಫ್ತು ನಡೆಸುತ್ತಿದ್ದ ಸತ್ವಂತ್ ಸಿಂಗ್ ಸಾಹ್ನಿ ಅವರಿಗೆ, ತಮ್ಮ ಎರಡು ಪಾಸ್‌ಪೋರ್ಟುಗಳನ್ನು ಹಿಂದಿರುಗಿಸುವಂತೆ ಸರ್ಕಾರ ಹೇಳಿತ್ತು. ವ್ಯಾಪಾರಕ್ಕಾಗಿ ಪದೇ ಪದೇ ವಿದೇಶಕ್ಕೆ ಹೋಗಬೇಕು ಎಂಬುದು ಅವರ ವಾದ. ವಿದೇಶ ಪ್ರಯಾಣವೂ ವ್ಯಕ್ತಿ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂದು 1967ರ ಏಪ್ರಿಲ್ 10ರಂದು ಕೋರ್ಟ್ ಬಹುಮತದಿಂದ ತೀರ್ಪಿತ್ತಿತು. ಆ ಕಾರಣಕ್ಕೇ ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. ಹೊರಡುವ ಹಕ್ಕು ಹೀಗೆ ದಕ್ಕಿತು. ಇನ್ನೊಂದು ದೇಶದೊಳಗೆ ಕಾಲಿಡುವ ಹಕ್ಕನ್ನು ಕೊಡಿಸುವ ಕೋರ್ಟು ಎಲ್ಲೂ ಇಲ್ಲ.

ಕಂಪ್ಯೂಟರಿನ ಅನುಮತಿಯನ್ನು ಮೊದಲು ತಂದದ್ದು ಆಸ್ಟ್ರೇಲಿಯಾ, 1996ರಲ್ಲಿ. ನ್ಯೂಜಿಲೆಂಡಿನವರನ್ನು ಬಿಟ್ಟು ಬಹುತೇಕ ಎಲ್ಲರಿಗೂ ವೀಸಾ ಬೇಕೆನ್ನುವ ದೇಶ ಅದು. 2000ದ ಸಿಡ್ನಿ ಒಲಿಂಪಿಕ್ಸ್ ಬೇರೆ ಹತ್ತಿರ ಬರುತ್ತಿತ್ತು. ಟ್ರಾವೆಲ್ ಏಜೆಂಟು ಟಿಕೆಟ್ ಬುಕ್ ಮಾಡುವ ಕಂಪ್ಯೂಟರಿನಲ್ಲೇ ಅನುಮತಿಯೂ ಸಿಗುವಂತೆ ಮಾಡಿದರು. ಅಮೆರಿಕದ ‘ಎಸ್ಟಾ’ 2009ರ ಜನವರಿ 12ರಿಂದ ಕಡ್ಡಾಯವಾಯಿತು. ದಕ್ಷಿಣ ಕೊರಿಯಾ 2021ರಲ್ಲಿ, ಬ್ರಿಟನ್ 2023ರಿಂದ ಹಂತಹಂತವಾಗಿ ಅದೇ ದಾರಿ ಹಿಡಿದವು. ಈಗ ಕೌಂಟರಿನವರು ಪಾಸ್‌ಪೋರ್ಟ್ ಉಜ್ಜಿದ ಕೂಡಲೇ ವಿವರ ಆ ದೇಶದ ಕಂಪ್ಯೂಟರಿಗೆ ಹೋಗಿ, ಹತ್ತಿಸಬಹುದು ಅಥವಾ ಬೇಡ ಎಂಬ ಉತ್ತರ ಬರುತ್ತದೆ. ದಾಖಲೆಯಿಲ್ಲದವರನ್ನು ಕರೆತಂದರೆ ದಂಡ ತೆರಬೇಕಾದ್ದು ವಿಮಾನ ಕಂಪನಿ. ಆದ್ದರಿಂದ ಕೌಂಟರಿನ ಹುಡುಗಿಯೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ. ನಿಮ್ಮನ್ನು ಬಿಡುವ ಅಧಿಕಾರವೂ ಅವಳಿಗಿಲ್ಲ.

ಇದರಿಂದ ನಮಗೇನು ಎಂದು ಕೇಳಬಹುದು. ಅಮೆರಿಕ, ಬ್ರಿಟನ್‌ಗಳಿಗೆ ಭಾರತದ ಪಾಸ್‌ಪೋರ್ಟಿನವರು ವೀಸಾ ಪಡೆದೇ ಹೋಗಬೇಕು, ಅವರ ಇಟಿಎ ನಮಗಲ್ಲ. ಆದರೆ ಲಂಡನ್ನಿನಲ್ಲಿ ನೆಲೆಸಿ ಬ್ರಿಟಿಷ್ ಪ್ರಜೆಯಾದ ಕನ್ನಡಿಗ ನ್ಯೂಯಾರ್ಕಿನ ಮೀಟಿಂಗಿಗೆ ಹೋಗಬೇಕಾದರೆ ಎಸ್ಟಾ ಬೇಕು. ಶ್ರೀಲಂಕಾ 2012ರಲ್ಲಿ ತಂದ ಇಟಿಎಯಲ್ಲಿ ಪ್ರವಾಸಿಗರಿಗೆ ಒಂದು ಬಗೆ, ವ್ಯವಹಾರಕ್ಕೆ ಬರುವವರಿಗೆ ಇನ್ನೊಂದು ಬಗೆ. ಕೀನ್ಯಾ 2024ರ ಜನವರಿಯಲ್ಲಿ ವೀಸಾ ಕೈಬಿಟ್ಟು ಇಟಿಎ ತಂದಿತು. ಇತ್ತ ಭಾರತವೂ 2014ರ ನವೆಂಬರ್‌ನಲ್ಲಿ 43 ದೇಶಗಳ ಪ್ರವಾಸಿಗರಿಗೆ ಇಂಥ ಸೌಲಭ್ಯ ಆರಂಭಿಸಿತು. ಮೊದಲ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. 2017ರಲ್ಲಿ ವ್ಯಾಪಾರಕ್ಕೆ ಬರುವವರಿಗೂ ಇ-ವೀಸಾ ದೊರೆಯಿತು.

ನಿಜವಾದ ತೊಡಕು ಫಾರಂ ತುಂಬುವುದರಲ್ಲಿಲ್ಲ, ‘ಬಿಸಿನೆಸ್’ ಎಂಬ ಪದದಲ್ಲಿದೆ. ಮಾಲು ನೋಡುವುದು, ದರ ಕುದುರಿಸುವುದು, ಕರಾರಿಗೆ ಸಹಿ ಹಾಕುವುದು, ಸಮ್ಮೇಳನದಲ್ಲಿ ಕೂರುವುದು – ಇಷ್ಟು ಸಾಮಾನ್ಯವಾಗಿ ಬಿಸಿನೆಸ್. ಅಲ್ಲಿ ಕೂತು ದುಡಿದರೆ ಅದು ಕೆಲಸ, ಅದಕ್ಕೆ ಬೇರೆಯೇ ವೀಸಾ. ಹಾಗಾದರೆ ಮಾರಿದ ಯಂತ್ರವನ್ನು ಜೋಡಿಸಿಕೊಟ್ಟು ಬರುವುದು ಬಿಸಿನೆಸ್ಸೋ ಕೆಲಸವೋ? 2025ರ ಸೆಪ್ಟೆಂಬರ್ 4ರಂದು ಅಮೆರಿಕದ ಜಾರ್ಜಿಯಾದಲ್ಲಿ ಕಟ್ಟುತ್ತಿದ್ದ ಬ್ಯಾಟರಿ ಕಾರ್ಖಾನೆಯೊಂದರ ಮೇಲೆ ದಾಳಿ ನಡೆದು ಸುಮಾರು 475 ಜನರನ್ನು ಹಿಡಿದರು. ಅವರಲ್ಲಿ 300ಕ್ಕೂ ಹೆಚ್ಚು ಮಂದಿ ದಕ್ಷಿಣ ಕೊರಿಯಾದವರು. ಎಸ್ಟಾ ಅಥವಾ ಬಿಸಿನೆಸ್ ವೀಸಾದ ಮೇಲೆ ಬಂದಿದ್ದ ಎಂಜಿನಿಯರುಗಳು, ತಂತ್ರಜ್ಞರು ಅದರಲ್ಲಿದ್ದರು. ಕೈಕಾಲಿಗೆ ಸರಪಳಿ ಬಿಗಿದ ಚಿತ್ರಗಳನ್ನು ಕೊರಿಯಾ ಪೂರ್ತಿ ನೋಡಿತು. ವಾರದ ಮೇಲೆ ವಿಶೇಷ ವಿಮಾನದಲ್ಲಿ ಅವರನ್ನು ಊರಿಗೆ ತಂದರು. ಯಂತ್ರ ಜೋಡಣೆ, ದುರಸ್ತಿಗೆ ಅದೇ ಅನುಮತಿ ಸಾಕೆಂದು ಎರಡೂ ಸರ್ಕಾರಗಳು ಮಾತಾಡಿ ಸ್ಪಷ್ಟಪಡಿಸಿಕೊಂಡದ್ದು ಆ ತಿಂಗಳ ಕೊನೆಗೆ.

ಬೆಂಗಳೂರಿಗೂ ಈ ಗೆರೆಯ ಬಿಸಿ ಗೊತ್ತು. ಬಿ-1 ಎಂಬ ವ್ಯಾಪಾರ ಭೇಟಿಯ ವೀಸಾದ ಮೇಲೆ ಹೋದವರಿಂದ ಕೆಲಸ ಮಾಡಿಸಿದರೆಂಬ ಪ್ರಕರಣದಲ್ಲಿ ಇನ್ಫೋಸಿಸ್ 2013ರಲ್ಲಿ 3.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ವಂಚನೆಯ ಆರೋಪವನ್ನು ಕಂಪನಿ ಒಪ್ಪಲಿಲ್ಲ. ಭಾರತವೇನೂ ಉದಾರಿಯಲ್ಲ. ಬಿಸಿನೆಸ್ ವೀಸಾದ ಮೇಲೆ ಬಂದು ಇಲ್ಲಿನ ಯೋಜನೆಗಳಲ್ಲಿ ದುಡಿಯುತ್ತಿದ್ದ ವಿದೇಶೀಯರು ವಾಪಸು ಹೋಗಿ ಉದ್ಯೋಗ ವೀಸಾ ಪಡೆದು ಬರಲಿ ಎಂದು 2009ರಲ್ಲಿ ಹೇಳಿತ್ತು. ಅವರಲ್ಲಿ ಚೀನೀಯರ ಸಂಖ್ಯೆ ದೊಡ್ಡದಿತ್ತು.

ಇನ್ನು ಹೆಸರಿನ ತಾಪತ್ರಯ. ಫಾರಂ ಬರೆದವರ ಲೆಕ್ಕದಲ್ಲಿ ಎಲ್ಲ ಮನುಷ್ಯರಿಗೂ ಒಂದು ಹೆಸರು, ಒಂದು ಮನೆತನದ ಹೆಸರು ಇರಲೇಬೇಕು. ನಮ್ಮಲ್ಲಿ ಊರಿನದೊಂದು, ತಂದೆಯದೊಂದು ಇನಿಷಿಯಲ್, ಮುಂದೆ ಒಂಟಿ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂಟಿ ಹೆಸರಿನವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಾಗ ಗಲಿಬಿಲಿಯೇ ಆಯಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಕೆಲವರಿಗೆ ನಡೆಯುತ್ತದೆ ಎಂದು ಆಮೇಲೆ ವಿವರಣೆ ಬಂತು.

ಇಟಿಎಯ ಫಾರಂ ತುಂಬುವಾಗ ಊರಿನ ಹೆಸರನ್ನು ಬಿಡಿಸಿ ಬರೆಯುವ ಉತ್ಸಾಹ ಬೇಡ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರೆಯಬೇಕು. ಅನುಮತಿ ಅಂಟಿಕೊಂಡಿರುವುದು ಪಾಸ್‌ಪೋರ್ಟಿನ ನಂಬರಿಗೆ. ನಂಬರಿನಲ್ಲಿ ‘ಓ’ ಅಕ್ಷರವೂ ಸೊನ್ನೆಯೂ ಅದಲುಬದಲಾದರೆ, ಹೊಸ ಪಾಸ್‌ಪೋರ್ಟ್ ಮಾಡಿಸಿ ಹಳೆಯ ಅನುಮತಿಯನ್ನೇ ನಂಬಿ ಹೊರಟರೆ, ಕೌಂಟರಿನ ಪರದೆಯ ಮೇಲೆ ಅಂಥ ಪ್ರಯಾಣಿಕ ಇಲ್ಲವೆಂದೇ ಬರುತ್ತದೆ. ಎಸ್.ಪಿ. ರಸ್ತೆಯ ವ್ಯಾಪಾರಿ ಮರುದಿನದ ಟಿಕೆಟ್ ಕೊಂಡು ಚೀಟಿ ಹಿಡಿದು ಬಂದರೂ, ಕೌಂಟರಿನಲ್ಲಿ ಮೊದಲು ತಾಳೆ ನೋಡುವುದು ಆ ನಂಬರನ್ನೇ.